ಐದು ಗಂಟು

ಉಮ್ ಅಲ್ ಕುವೈನ್‌ನ ಹಳೆಯ ರನ್‌ವೇಯ ಬದಿ
ಬೆಳಗಿನ ಐದೂವರೆಗೆ ಮರಳು ಇನ್ನೂ ತಣ್ಣಗಿರುತ್ತದೆ.
ಗುಲ್‌ಜಮಾನ್ ಪೆಟ್ರೋಲು ಸೋಸುತ್ತಾನೆ, ಹಾಲು ಸೋಸಿದ ಹಾಗೆ.
ನಾವು ನಾಲ್ವರು ನೆಲದ ಮೇಲೆ ನಡೆದು ಅಭ್ಯಾಸ ಮಾಡುತ್ತೇವೆ,
ಕೈ ಚಾಚಿ, ಒಬ್ಬರ ಹಿಂದೊಬ್ಬರು ಓರೆಯಾಗಿ,
ಬಾಯಲ್ಲೇ ಎಂಜಿನ್ನಿನ ಸದ್ದು ಮಾಡುತ್ತ.
ಐವತ್ತು ದಾಟಿದವರು. ನೋಡಿದವರು ನಗಲಿ.

ಹಮದ್ ಖಲ್ಫಾನನದು ಮರ ಮತ್ತು ಬಟ್ಟೆ.
ಅವನ ಅಜ್ಜ ಮಂಜಿ ಕಟ್ಟುತ್ತಿದ್ದವನು,
ನಮ್ಮ ಕರಾವಳಿಯಿಂದ ಬಂದ ಮರ ಮೂಸಿ ನೋಡಿ
ಇದು ಮಳೆಗೆ ನೆಂದದ್ದು, ಬೇಡ, ಎನ್ನುತ್ತಿದ್ದನಂತೆ.
ಮೊಮ್ಮಗನೂ ಮೂಸುತ್ತಾನೆ, ಅಂಟು ಹಚ್ಚುವ ಮುಂಚೆ.
ರೊಡೆಲ್‌ನದು ಫೈಬರ್; ಬಾಲದ ರೆಕ್ಕೆ ಮೂಗಿನಲ್ಲಿ,
ಪ್ರೊಪೆಲ್ಲರ್ ಬೆನ್ನಿಗೆ.
ಮೊದಲ ಸಲ ಕಂಡಾಗ
ಹಿಂದುಮುಂದಾಗಿ ಜೋಡಿಸಿದ್ದಾನೆ ಅಂದುಕೊಂಡಿದ್ದೆ.
ಹಲ್ಲಿನ ಡಾಕ್ಟರ್ ಫರ್ಜಾನೆಯದು ಎರಡಂತಸ್ತಿನ ರೆಕ್ಕೆ,
ನಡುವೆ ತಂತಿ; ಗಾಳಿ ಹೊಕ್ಕರೆ ಶ್ರುತಿ ಹಿಡಿಯುತ್ತದೆ.
ನನ್ನದು ತಗಡು.
ಅಜ್ಮಾನಿನಲ್ಲಿ ಇಪ್ಪತ್ತೆರಡು ವರ್ಷ ಏಸಿ ಡಕ್ಟು ಮಡಚಿದ ಕೈ
ಒಂಬತ್ತು ವರ್ಷ ರಾತ್ರಿ ಹೊತ್ತು ಇದನ್ನು ಮಡಚಿತು.
ಹನ್ನೊಂದು ಸಾವಿರದ ಚಿಲ್ಲರೆ ರಿವೆಟ್ಟು.
ಎಡರೆಕ್ಕೆಯಲ್ಲೊಂದು ಸೊಟ್ಟ ಇದೆ. ಗೊತ್ತು.

ಎತ್ತು ಏರಿಗೆ, ಕೋಣ ನೀರಿಗೆ ಅನ್ನುತ್ತಾರಲ್ಲ,
ನಮ್ಮಲ್ಲಿ ಅವೆರಡರ ಜೊತೆಗೊಂದು ಒಂಟೆ,
ಮತ್ತೊಂದು ಇನ್ನೂ ಹೆಸರಿಡದ ಪ್ರಾಣಿ.
ಹಮದ್ ಪೂರ್ತಿ ಕೊಟ್ಟರೆ ಎಂಬತ್ತು.
ರೊಡೆಲ್ ಎಪ್ಪತ್ತೈದಕ್ಕಿಂತ ಇಳಿದರೆ ಮೂಗು ನೆಲ ನೋಡುತ್ತದೆ.
ಒಬ್ಬನ ಓಟದ ಕೊನೆ, ಇನ್ನೊಬ್ಬನ ನಿಧಾನದ ಕೊನೆ,
ನಡುವೆ ಐದು ಗಂಟು.
ವಿಮಾನದ ವೇಗವನ್ನೂ ಹಡಗಿನವರ ಹಾಗೆ ಗಂಟಿನಲ್ಲೇ ಎಣಿಸುವುದು;
ಬ್ರಹ್ಮ ಹಾಕಿದ್ದಲ್ಲ, ನಾವೇ ಬಿಗಿದದ್ದು,
ಆ ಐದರೊಳಗೆ ನಾಲ್ವರ ಸಂಸಾರ.
ಅದಕ್ಕೇ ನಿಧಾನದವನು ಮುಂದೆ.

ಮೇಲೆದ್ದ ಮೇಲೆ ಹೆಸರಿಲ್ಲ. ಒಂದು, ಎರಡು, ಮೂರು, ನಾಲ್ಕು.
ನಾನು ಮೂರು.
ದಿಗಂತ ನೋಡಬಾರದು,
ಕೆಳಗೆ ಕಾಂಡ್ಲಾ ಗಿಡಗಳ ನಡುವೆ ಹಸಿರು ನೀರು ಹೊರಳಿದರೂ ನೋಡಬಾರದು.
ಹಮದನ ಬಾಲದ ತಂತಿ ಅವನ ಬಲಗಾಲಿಯ ಮೇಲೆ ಕೂತಿರಬೇಕು,
ಅಷ್ಟೇ ಜಗತ್ತು.
ಒಂದೇ ಜಾತಿಯ ವಿಮಾನಗಳಿಗೆ ಈ ಗುರುತು ಪುಸ್ತಕದಲ್ಲಿರುತ್ತದೆ.
ನಮ್ಮದನ್ನು ನಾವೇ ಹುಡುಕಿದ್ದು, ನೆಲದ ಮೇಲೆ ಏಣಿ ಇಟ್ಟು,
ಟೇಪು ಹಿಡಿದು, ಜಗಳವಾಡಿ.

ಯಾವಾಗಲೂ ಬಲಕ್ಕೇ ತಿರುಗುತ್ತೇವೆ.
ಒಳಸುತ್ತಿನವರು ನಿಧಾನಿಸಬೇಕು, ಎರಡಕ್ಕೆ ಅದು ಆಗದು.
ಇವತ್ತು ಬಲದಲ್ಲಿ ಕಡಲಹಕ್ಕಿಗಳ ಹಿಂಡು ಎದ್ದಿತು.
‘ಎಡಕ್ಕೆ’ ಎಂದ ಒಂದು.
ಹಮದನ ಆಚೆ, ಕಣ್ಣಂಚಿನಲ್ಲಿ, ಬಿಳಿ ಮೂಗೊಂದು
ತೂಕಡಿಸಿತು, ಎಚ್ಚೆತ್ತಿತು, ಮತ್ತೆ ತೂಕಡಿಸಿತು.
‘ಎರಡು, ಹೊರಗೆ.’
ಆಮೇಲೆ ಅಲ್ಲಿ ಏನೂ ಇರಲಿಲ್ಲ.
ನೋಡಬಾರದು. ನೋಡಲಿಲ್ಲ.
ಹಳೆ ಕಾರಿನಿಂದ ಕಿತ್ತ ನನ್ನ ಎಂಜಿನ್ನು
ಹೊರಸುತ್ತಿನಲ್ಲಿ ಏದುಸಿರು ಬಿಡುತ್ತಿತ್ತು, ಕಿವಿಯಲ್ಲಿ ಬರೀ ಕರಕರ.
ಖಾಲಿ ಜಾಗಕ್ಕೆ ನಾಲ್ಕು ಬೇಕಿದ್ದರೆ ಸರಿಯಬಹುದಿತ್ತು,
ಅವಳ ರೆಕ್ಕೆಗೆ ಎಲ್ಲ ವೇಗವೂ ಒಗ್ಗುತ್ತದೆ.
ಸರಿಯಲಿಲ್ಲ.
ಪಂಕ್ತಿಯಲ್ಲಿ ಇನ್ನೂ ಬಾರದವನಿಗೆ ಹಾಸಿಟ್ಟ ಎಲೆಯ ಹಾಗೆ
ಅಷ್ಟು ಗಾಳಿಯನ್ನು ಬಿಟ್ಟು ಹಾರಿದೆವು.

ಎಷ್ಟೋ ಹೊತ್ತು. ಗಡಿಯಾರದಲ್ಲಿ ನಲವತ್ತು ಸೆಕೆಂಡು ಇರಬಹುದು.
‘ಎರಡು. ಕಾಣುತ್ತಿದ್ದೀರಿ. ಬರಲೇ?’
‘ತಆಲ್,’ ಎಂದ ಹಮದ್, ಶಿಸ್ತೆಲ್ಲ ಮರೆತು, ಅರಬ್ಬಿಯಲ್ಲಿ,
‘ತಆಲ್, ಯಾ ರೊಡೆಲ್.’

ಇಳಿದ ಮೇಲೆ ರೊಡೆಲ್ ಬಹಳ ಹೊತ್ತು ಬೆಲ್ಟು ಬಿಚ್ಚಲಿಲ್ಲ.
ಫರ್ಜಾನೆ ಖರ್ಜೂರದ ಡಬ್ಬಿ ಹಿಡಿದು ಪಕ್ಕದಲ್ಲಿ ನಿಂತಳು,
ಬಾಯಿ ತೆರೆಯಿರಿ ಎಂದಳು, ಕ್ಲಿನಿಕ್ಕಿನ ದನಿಯಲ್ಲಿ.
ಹಮದ್ ರೆಕ್ಕೆಗೆ ಅಂಟಿದ ನೊಣಗಳನ್ನು ಒರೆಸುತ್ತಲೇ ಇದ್ದ.
ಕೆಳಗಿನಿಂದ ಹೇಗೆ ಕಂಡಿತು, ಗುಲ್‌ಜಮಾನ್?
ಸಾಲು ಸೊಟ್ಟ, ಎಂದ ಅವನು, ಪೈಪು ಎಳೆಯುತ್ತ.
ಮೊದಲು ಯಾರಿಗೆ ತುಂಬಲಿ?