ಏಳನೇ ನಂಬರು

ಹುಬ್ಬಳ್ಳಿ ವಿದ್ಯಾನಗರದ ಅಂಗಡ್ಯಾಗ
ಗಾಜಿನ ಹಿಂದ, ದೀಪ ಹಚ್ಚಿ ಕುಂದ್ರಿಸ್ಯಾರ ಅದನ್ನ:
ಹರಡಿನ ಮಟಾ ಬರೋ ಕ್ಯಾನ್ವಾಸ್ ಬೂಟು,
ಬೆರಳಿನ ಮ್ಯಾಲೆ ರಬ್ಬರಿನ ಟೊಪ್ಪಿಗಿ, ಬದಿಗೆ ದುಂಡನ ಬಿಲ್ಲೆ.
ರೇಟು ಕೇಳಿದೆ. ಕೇಳಬಾರದಿತ್ತು.

"ಹಳೇದೇ ಆಂಟಿ, ಆದ್ರ ಹೊಸಾದು," ಅಂದ ಹುಡುಗ.
ಕಂಪನಿ ಮುಚ್ಚಿತ್ತಂತ, ಮೂವತ್ತು ವರ್ಷದ ಮ್ಯಾಲೆ
ಅಚ್ಚು ಯಾವುದೋ ಗೋದಾಮಿನ್ಯಾಗ ಸಿಕ್ತಂತ,
ಅದೇ ಹೊಲಿಗಿ, ಅದೇ ಅಡಿ, ಮತ್ತ ಈ ಹಳದಿ ಬಣ್ಣ
ಬೇಕಂತಲೇ ಹಾಕಿದ್ದಂತ, ಹಳೇದು ಕಾಣಬೇಕಲ್ಲ.

ಆ ಹಳದಿ ನಾವು ಪುಕ್ಕಟೆ ಮಾಡಿದ್ದಿವಿ.

ಬೆಟಗೇರಿ. ಮಗ್ಗದ ಓಣಿ ಮುಗಿಯೋ ಕಡೆ ಮೊರಂ ಹಾಸಿದ ಅಂಗಳ,
ಎರಡು ಕಂಬ, ಒಂದಕ್ಕ ಜಾಳಿಗಿ ಇಲ್ಲ.
ಎಂಬತ್ತಮೂರನೇ ಇಸ್ವಿ.
ಆಡೋರು ಐದು ಮಂದಿ, ಹೊರಗ ಕಾಯೋರು ಇಬ್ರು,
ಬೂಟು ಒಂದು ಜೋಡಿ.
ಮುಳಗುಂದ ಮಾಸ್ತರ ತಮ್ಮ ಮಿಲಿಟರ್ಯಾಗಿದ್ದ,
ಅವನ ಕಾಲಿಂದ ಇಳದು ನಮ್ಮ ಕಾಲಿಗೆ ಬಂದದ್ದು.
ಏಳನೇ ನಂಬರು. ನಮ್ಮೊಳಗ ಯಾರ ಕಾಲೂ ನಾಕು ದಾಟಿದ್ದಿಲ್ಲ.
ಮಗ್ಗದಾಗ ಉಳಿದ ನೂಲಿನ ಗಂಟು ತುದಿಗೆ ತುರುಕತಿದ್ದಿವಿ,
ಸೋತು ಬಂದ ದಿನ ಬೆರಳು ಹಸರು, ಗೆದ್ದ ದಿನಾನೂ ಹಸರು.

ಎತ್ತರದಾಕಿ ಸಲೋಮಿ ಹಾಕೊಂಡು ಜಿಗೀಬೇಕು,
ಉಳದ ನಾಕು ಮಂದಿ ಬರಿಗಾಲು.
ಆಕಿ ಹೊರಗ ಬಂದ್ರ ಆಟ ನಿಂದರತಿತ್ತು,
ಅಂಪೈರು ಸೀಟಿ ಬಾಯಾಗ ಇಟ್ಟು ಕೈ ಗಡಿಯಾರ ನೋಡಾಂವ,
ಸುಲೋಚನಾ ಬಾಕಳೆ ಒಂಬತ್ತು ಎಣಿಸೂದ್ರಾಗ
ಎರಡೂ ಲಾಡಿ ಬಿಚ್ಚತಿದ್ಲು. ಅಷ್ಟಕ್ಕ ಆಕಿನ್ನ ಟೀಮಿನ್ಯಾಗ ಇಟ್ಟಿದ್ದು,
ಚೆಂಡು ಆಕಿ ಕೈಯಾಗ ನಿಂತದ್ದು ನಾ ಕಂಡಿಲ್ಲ.

ಅಡಿ ಹರದಾಗ ಸ್ಟೇಶನ್ ಮುಂದಿನ ದ್ಯಾಮಪ್ಪನ ಹತ್ರ ಒಯ್ದಿವಿ.
ಆಂವ ತಿರುವಿ ಮುರುವಿ ನೋಡಿದ, ಮೂಸಿದ, ಮಾರಿ ಸೊಟ್ಟ ಮಾಡಿದ,
ಲಾರಿ ಟೈರು ಕೊಯ್ದು ಕೂಡಿಸಿದ.
ಮರುದಿನ ಅಂಗಳದ ತುಂಬ ಸಣ್ಣ ಸಣ್ಣ ಲಾರಿ
ಕುಣದು ಹೋದಂಗ ಗೆರಿ.
ರೊಕ್ಕ? "ಗೆದ್ದ ಮ್ಯಾಲೆ ಕೊಡ್ರೆವಾ."
ಆ ಬೂಟು ಮೊದಲ ಸಲ ಮತ್ತ ಹುಟ್ಟಿದ್ದು ಅವತ್ತು,
ಗೋದಾಮಿನ್ಯಾಗ ಅಲ್ಲ. ಬಾಕಿ ಇನ್ನೂ ಹಂಗ ಅದ.

ಹಾವೇರ್ಯಾಗ, ಅವರ ಐದೂ ಮಂದಿಗೆ ಐದು ಜೋಡಿ,
ಒಂದು ಪಾಯಿಂಟಿನ ಹಿಂದ ನಾವು, ಸಲೋಮಿನ್ನ ಕೆಡವಿದ್ರು.
ಆಕಿ ಪಾಲಿನ ಎರಡು ಎಸೆತ ನಾ ಒಗೀಬೇಕು.
ಬಲಗಾಲಿಂದು ಬಂತು.
ಎಡ ಹರಡು ಬಾತು ಬೂಟಿನ ತುಂಬ ಆಗಿತ್ತು,
ಜಗ್ಗಿದ್ರ ಆಕಿ ಏಸುವಿನ ಹೆಸರು ತಗೊಂಡ್ಲು.
ಒಂದೇ ಹಾಕೊಂಡು ಗೆರಿ ಮ್ಯಾಲೆ ನಿಂತೆ.

ಚೆಂಡು ಒಳಗ ಹೋಯ್ತು ಅಂತಾಳ ಸಲೋಮಿ, ಇವತ್ತಿಗೂ.
ಎಲ್ಲಿದು, ಎರಡೂ ಕಬ್ಬಿಣಕ್ಕ ಬಡದ್ವು ಅಂತಾಳ ಸುಲೋಚನಾ.
ನನಗ ಕಾಲಿನ ನೆನಪಷ್ಟೇ ಅದ:
ಒಂದು ಕಾದ ಮೊರಂ ಮ್ಯಾಲೆ ಚುರ್ ಅಂತಿತ್ತು,
ಒಂದು ಏಳು ಹುಡುಗ್ಯಾರ ಬೆವರಿನ ಬೆಚ್ಚಗಿನ ಹಸಿಯೊಳಗಿತ್ತು.

ಒಬ್ಬೊಬ್ಬಾಕಿದೂ ಲಗ್ನ ಆಗಿ ಕಡೀಕ ಉಳದಾಕಿ ಮೆಹಬೂಬಿ.
ಬೂಟಿನ್ಯಾಗ ಮಣ್ಣು ತುಂಬಿ ಕೊತ್ತಂಬರಿ ಹಚ್ಚಿದ್ಲಂತ.
ಚಲೋ ಬಂತಂತ, ಎರಡು ಸಲ ಚಟ್ನಿ ಆತಂತ.

"ಸೈಜು ಎಷ್ಟು, ಆಂಟಿ?"
ಈಗ ಐದು. ಶುಗರ್ ಬಂದ ಮ್ಯಾಲೆ ಕಾಲು ಬಾತಾವ.
"ಏಳು," ಅಂದೆ. "ಎಡಗಾಲಿಂದು ಕೊಡು,
ಬಲಗಾಲಿಂದು ಡಬ್ಬ್ಯಾಗ ಇರಲಿ."
ಹುಡುಗ ನನ್ನ ಕಾಲು ನೋಡಿದ, ನನ್ನ ಮಾರಿ ನೋಡಿದ,
ಏನೂ ಅನ್ನದ ಕುಕ್ಕರಗಾಲಿಲೆ ಕುಂತ,
ಬೂಟಿನ ತುದ್ಯಾಗ ತುರುಕಿದ ಕಾಗದದ ಉಂಡಿ
ಹೊರಗ ತಗೀಲಿಕ್ಕೆ ಬೆರಳು ಹಾಕಿದ.

ಇರಲಿ ಬಿಡು, ಅಂದೆ.