ಮುಳ್ಳು ನಡುಗುವ ಜಾಗ

ಮೇ ತಿಂಗಳು. ಆದೋನಿಯ ಹತ್ತಿ ಮಾರ್ಕೆಟ್ಟಿನಲ್ಲಿ
ಹತ್ತಿಯಿಲ್ಲ. ಸಿಮೆಂಟಿನ ಅಂಗಳ
ರಾತ್ರಿ ಎಂಟಾದರೂ ರೊಟ್ಟಿಯ ಹಂಚಿನ ಹಾಗೆ.
ಜಿನ್ನಿಂಗ್ ಸಾಹುಕಾರರ ಮಗ ಇಡಿಸಿದ ಕಛೇರಿ.
ಗೇಟಿನ ಬೀಗ ನನ್ನ ಹತ್ತಿರ, ಫ್ಯೂಜಿನ ಡಬ್ಬಿಯೂ ನನ್ನದೇ;
ಅದಕ್ಕೇ ಮೊದಲ ಸಾಲಿನಲ್ಲಿ ಒಂದು ಕುರ್ಚಿ
ತೂಕದ ಗುಮಾಸ್ತನಿಗೆ.

ಬಂದವರು ನಾಲ್ವರು.
ಗುಂತಕಲ್ಲಿನ ರೈಲ್ವೆ ಕಾಲೊನಿಯ ಮೌರೀನಮ್ಮ,
ಅಪ್ಪ ಉಗಿಬಂಡಿ ಓಡಿಸುತ್ತಿದ್ದನಂತೆ,
ಹೂವಿನ ಗೌನು, ಮೊಣಕಾಲಿಗೆ ಪಟ್ಟಿ.
ಡ್ರಮ್ಮಿಗೆ ಅವಳ ಅಳಿಯ.
ಹಾರ್ಮೋನಿಕಾ ಊದುವವನು ರಜೆ ಹಾಕಿ ಬಂದ ಟೀಸಿ.
ಇನ್ನೊಬ್ಬ ಹುಡುಗ ಸೋಡಾ ಬಾಟ್ಲಿಯ ಕುತ್ತಿಗೆ ಕೊಯ್ದು
ಬೆರಳಿಗೆ ತೊಟ್ಟುಕೊಂಡು
ಗಿಟಾರಿನ ತಂತಿಯ ಮೇಲೆ ಜಾರಿಸಿದ:
ಎರಡು ಸ್ವರಗಳ ನಡುವೆ ಎಲ್ಲೋ ನಿಂತಿತು ಅದು,
ಇತ್ತ ಕೂಡದೆ, ಅತ್ತ ಹೋಗದೆ.

ನನಗೆ ಗೊತ್ತು ಆ ಜಾಗ.
ಈಗ ಕಂಪ್ಯೂಟರ್ ಕಾಟಾ, ಅಂಕಿ ನಡುಗುವುದಿಲ್ಲ.
ಆಗ ಚೀಲ ಇಟ್ಟರೆ ಮುಳ್ಳು
ನಲವತ್ತೇಳಕ್ಕೂ ನಲವತ್ತೆಂಟಕ್ಕೂ ನಡುವೆ
ತಡವರಿಸುತ್ತಿತ್ತು.
ನಾನು ನಲವತ್ತೇಳು ಎಂದು ಕೂಗುತ್ತಿದ್ದೆ.
ತೇವಕ್ಕೆ ಇಷ್ಟು ಕಡಿತ, ಧೂಳಿಗೆ ಇಷ್ಟು,
ಆ ನಡುಕಕ್ಕೆ ಇಷ್ಟು.

“ಇದು ಹತ್ತಿ ಹೊಲದವರ ಹಾಡು,” ತೆಲುಗಿನಲ್ಲಿ ಹೇಳಿದಳು ಮೌರೀನಮ್ಮ,
“ಸಮುದ್ರದಾಚೆ, ಕೂಲಿ ಇಲ್ಲದೆ ಬಿಡಿಸಿದವರದು.”
ಹಿಂದೆ ಹರಾಜುಕಟ್ಟೆಯ ಮೇಲೆ ಕಾಲು ಇಳಿಬಿಟ್ಟು
ಹೊಳಗುಂದಿಯ ಹೆಂಗಸರು.
ಸುಗ್ಗಿಯಲ್ಲಿ ಎರಡು ಚೀಲ ಹತ್ತಿ ತಂದು ಮಾರುವವರು,
ಬೇಸಿಗೆಯಲ್ಲಿ ಇದೇ ಅಂಗಳ ಗುಡಿಸುವವರು.
“ನಮಗ ಬಾಳ ಕೊಟ್ಟಬಿಟ್ಟಾರ, ನೋಡು,” ಎಂದಳು ಉರುಕುಂದಮ್ಮ.
ನಗು. ಎಲೆಯಡಿಕೆ ಉಗುಳಿದ ಸದ್ದು.

ಎರಡನೆಯ ಹಾಡಿನಲ್ಲಿ ಕರೆಂಟು ಹೋಯಿತು.
(ಫ್ಯೂಜಲ್ಲ. ಊರಿಗೇ ಹೋಗಿತ್ತು.)
ಅಳಿಯ ಬೈದ. ಟೀಸಿ ಟಾರ್ಚು ಹುಡುಕಿದ.
ಮೌರೀನಮ್ಮ ನಿಲ್ಲಿಸಲೇ ಇಲ್ಲ.
ಮೈಕಿಲ್ಲದ ದನಿ ಸಣ್ಣದು, ಸ್ವಲ್ಪ ಒಡಕು,
ಸಿಗ್ನಲ್ಲಿನಾಚೆ ತಡೆದ ಗೂಡ್ಸಿನ ಹಾಗೆ.
ಒಂದು ಸಾಲು. ಮತ್ತೆ ಅದೇ ಸಾಲು.
ಮೂರನೆಯದು ಹೊರಳಿ ಬೇರೆಯಾಗುತ್ತಿತ್ತು.
ಕತ್ತಲಲ್ಲಿ ಯಾರೋ ಆ ಮೂರನೆಯದಕ್ಕೆ ಕಾದು
“ಹೌದವ್ವಾ” ಅಂದಳು,
ಮಾತು ತಿಳಿದಲ್ಲ,
ಮುಂದಿನ ಸಾಲಿನವಳು ನಡು ನೆಟ್ಟಗೆ ಮಾಡಿ ಉಸಿರು ಬಿಟ್ಟರೆ
ಹಿಂದಿನವಳು ಅನ್ನುವ ಹಾಗೆ.

ಕುರ್ಚಿ ಬಿಟ್ಟು ಹಿಂದಕ್ಕೆ ಹೋದೆ.
ಏನೋ ಹೇಳಬೇಕಿತ್ತು. ಹತ್ತೊಂಬತ್ತು ಸುಗ್ಗಿ,
ಚೀಲಕ್ಕೊಂದು ಕಿಲೋ; ಕೂಡಿಸಿದರೆ,
ಕೂಡಿಸುವುದು ನನಗಿಂತ ಚೆನ್ನಾಗಿ ಯಾರಿಗೆ ಬರುತ್ತದೆ?
ಬಾಯಿಗೆ ಬಂದದ್ದು: “ನೀರು ಬೇಕೇನಮ್ಮ?”

ಉರುಕುಂದಮ್ಮ ದನಿಯಲ್ಲೇ ಗುರುತು ಹಿಡಿದಳು.
“ತೂಕದಯ್ಯ, ಸುಮ್ಮಕ ಕುಂದ್ರು.
ಆಯಮ್ಮ ಹಾಡ್ಲಿ.”
ಸರಿದು ಜಾಗ ಕೊಟ್ಟಳು,
ಒಬ್ಬ ಮನುಷ್ಯನಿಗೆ ಬೇಕಾದದ್ದಕ್ಕಿಂತ
ಒಂದು ಗೇಣು ಕಡಿಮೆ.