ಹಾಲಮ್ಮನ ಲೋಟ

ರಾತ್ರಿಯಿಡೀ ಎಸೆಯುವುದೇ ನನ್ನ ಕೆಲಸ:
ಒಮ್ಮೆ ಚುಚ್ಚಿದ ಸೂಜಿ, ಒಮ್ಮೆ ತೊಟ್ಟ ಕೈಗವಸು,
ಹತ್ತಿ, ನಳಿಗೆ, ತಳದಲ್ಲಿ ಗುಟುಕುಳಿದ ಸಲೈನ್ ಬಾಟಲಿ.
ಹಳದಿ ಚೀಲಕ್ಕೆ ಇಷ್ಟು, ಕೆಂಪು ಚೀಲಕ್ಕೆ ಇಷ್ಟು.
ಅಲ್ಲಿ ಎಸೆಯದಿದ್ದರೆ ತಪ್ಪು.
ಅದಕ್ಕೇ ಇರಬೇಕು, ಪಾಳಿ ಮುಗಿಸಿ
ಬೆಳಗಿನ ಆರಕ್ಕೆ ಆಸ್ಪತ್ರೆ ಗೇಟು ದಾಟಿದರೆ
ಈ ಕೈಗೆ ಒಂದು ಚೀಟಿ ಬಿಸಾಡಲೂ ಬೇಸರ.

ಮಂಡಿಪೇಟೆಯ ಹಳೇ ಪಾತ್ರೆಯಂಗಡಿಯಲ್ಲಿ
ತೂಕಕ್ಕೆ ಸಿಕ್ಕ ಸ್ಟೀಲ್ ಲೋಟ.
ಕಂಠದ ಕೆಳಗೆ ಚುಕ್ಕಿ ಚುಕ್ಕಿ ಕೊರೆದ ಅಕ್ಷರ:
‘ಚಿ. ಸೌ. ಹಾಲಮ್ಮನಿಗೆ, ಸೋದರಮಾವ.’
ಇಸವಿಯಿದ್ದ ಜಾಗ ತಿಕ್ಕಿ ತಿಕ್ಕಿ ಸವೆದಿದೆ.
ಯಾವ ಹಾಲಮ್ಮನೋ. ನಾನು ವನಜಾಕ್ಷಿ.

ಚಮನ್‌ಸಾಬರ ಚಾ ಗಾಡಿಗೆ ಅದನ್ನೇ ಒಯ್ದೆ.
ಮೊದಮೊದಲು ನಕ್ಕರು: ‘ಸಿಸ್ಟರ್, ಕಪ್ಪು ಪುಕ್ಕಟೆ ಐತ್ರಿ.’
ಆಮೇಲೊಂದಿನ ಕನ್ನಡಕ ಏರಿಸಿ ಅಕ್ಷರ ಓದಿದರು.
ಅಂದಿನಿಂದ ‘ಹಾಲಮ್ಮೋರಿಗೊಂದು, ಸಕ್ರಿ ಕಮ್ಮಿ.’
ತಿದ್ದಲಿಲ್ಲ ನಾನು.

ಮಂಡಕ್ಕಿಗೆ ದಿಂಬಿನ ಚೀಲ, ಮಿರ್ಚಿಗೆ ಡಬ್ಬಿ.
ಬೆಣ್ಣೆದೋಸೆ ಡಬ್ಬಿಯಲ್ಲಿ ಬೆವರಿ ಮೆತ್ತಗಾಗಿ
ಚಟ್ನಿ ಆಲೂಪಲ್ಯಕ್ಕೆ ಹರಿದು
ಮಗಳು ಮುಖ ಸೊಟ್ಟ ಮಾಡಿದಳು, ತಿಂದಳು.
ದಿನಕ್ಕೆರಡು ಕಪ್ಪು ಉಳಿದರೆ ವರ್ಷಕ್ಕೆ ಏಳುನೂರಾ ಮೂವತ್ತು
ಎಂದು ಲೆಕ್ಕ ಹಾಕಿ ಬೀಗಿದ್ದೆ,
ರಾತ್ರಿ ಪಾಳಿ ತಿಂಗಳಿಗೆ ಹತ್ತೇ ಎಂಬುದು ಮರೆತು.

ಗಾಡಿಯ ಕೆಳಗಿನ ಕಪ್ಪು ಗುಡಿಸುವವಳು ಮೈಲಮ್ಮ.
ಗುಡಿಸಿ, ಪೊರಕೆ ಗೋಡೆಗೊರಗಿಸಿ,
ಅಂಥದೇ ಕಪ್ಪಿನಲ್ಲಿ ಚಾ ಕುಡಿಯುತ್ತ ಕೂರುತ್ತಾಳೆ.
‘ನಿನಗೂ ಒಂದು ಲೋಟ ತರಲೇನು? ಕಸ ಕಮ್ಮಿ ಆಗ್ತದೆ,’
ಎಂದೆ, ಮಾತ್ರೆ ಕೊಡುವ ದನಿಯಲ್ಲಿ.
ಅವಳು ಕೆನೆ ಊದಿದಳು.

‘ನಮ್ಮಪ್ಪಗೂ ಲೋಟ ಇತ್ತವ್ವಾ.
ನಮ್ಮೂರ ಹೋಟ್ಲಾಗ, ಹೊರಗ, ಚಪ್ಪರದ ಗಳಕ್ಕೆ ಸಿಗಿಸಿದ್ದು.
ತಾನೇ ತಗೀಬೇಕು, ತಾನೇ ತೊಳೀಬೇಕು, ತಾನೇ ಸಿಗಿಸಬೇಕು.
ಮ್ಯಾಲಿಂದ ಹೊಯ್ಯೋರು.
ಈ ಕಾಗದದ್ದು ಬಂದ ಮ್ಯಾಲೆ
ನೀವು ಕುಡಿದದ್ದೂ ಇದೇ, ನಾ ಕುಡಿದದ್ದೂ ಇದೇ.
ಗುಡಿಸೋದು ಹೆಂಗೂ ಐತಿ ಬಿಡ್ರಿ.’

ಸ್ಟೀಲು ಬೆರಳು ಸುಡುತ್ತಿತ್ತು.
ಇಷ್ಟು ದಿನ ಸುಟ್ಟಿರಲಿಲ್ಲವೆಂದಲ್ಲ.

ಮನೆಗೆ ಬಂದು ಲೋಟ ತೊಳೆಯುತ್ತ ನಿಂತೆ.
ಹಾಲಮ್ಮನ ಮನೆಯ ಹೊರಗೂ ಇತ್ತೋ ಏನೋ
ಹೆಸರು ಕೊರೆಯದ ಇನ್ನೊಂದು.
ನಾಲ್ಕಾರು ದಿನ ಕಾಗದದಲ್ಲೇ ಕುಡಿದೆ, ಮೇಣದ ವಾಸನೆ ಸಮೇತ.

ಚಮನ್‌ಸಾಬರು ಅದೇ ವಾರ ಮೊಳೆ ಹುಡುಕುತ್ತಿದ್ದರು,
‘ನಿಮ್ಮ ಲೋಟ ಇಲ್ಲೇ ತೂಗಾಕ್ತೀನಿ, ಹೊತ್ತು ತಿರುಗೋದ್ಯಾಕೆ?’
ಮೊಳೆ ಬೇಡ ಅಂದೆ. ದನಿ ಯಾಕೆ ಅಷ್ಟು ಏರಿತೋ,
ಅವರು ಸುತ್ತಿಗೆ ಕೆಳಗಿಟ್ಟರು.

ಚೌಕಾಶಿ ನಡೆಯಿತು. ಒಂದು ಡಜನ್ ಗಾಜಿನ ಲೋಟ, ಅರ್ಧ ದುಡ್ಡು ನನ್ನದು.
ಕುದಿಯುವ ನೀರಿಗೆ ಗ್ಯಾಸು ಅವರದು, ಗೊಣಗಾಟವೂ ಅವರದೇ.
ಮೊದಲ ವಾರವೇ ಎರಡು ಒಡೆದವು.
ಲಾರಿಯವರು ಈಗಲೂ ಕಪ್ಪೇ ಕೇಳುತ್ತಾರೆ.
ಒಂದೇ ಬಕೆಟ್ಟು, ಒಂದೇ ಬುಟ್ಟಿ.
ಹಾಲಮ್ಮನನ್ನೂ ಅದರೊಳಗೆ ಬೋರಲು ಹಾಕಿದೆ.

ಇವತ್ತು ಅವರ ಕೈ ನೋಡದೇ ತೆಗೆದದ್ದು
ಮೈಲಮ್ಮನ ಪಾಲಿಗೆ ಬಂತು.
‘ಏನಂತ ಬರ್ದೈತಿ?’
ಓದಿ ಹೇಳಿದೆ.
‘ನಮ್ಮ ಮಾವ ಒಂದು ಚಮಚೆನೂ ಕೊಡ್ಲಿಲ್ಲ ನೋಡ್ರಿ,’
ನಕ್ಕು, ಅಂಚಿಗೆ ತುಟಿಯಿಟ್ಟು ಸೊರ್ರೆಂದಳು.
ನನಗೆ ಬಂದ ಗಾಜಿನ ಅಂಚು ಒಂದು ಕಡೆ ಚಕ್ಕೆಯೆದ್ದಿತ್ತು.
ಬೇರೆ ಕೇಳಲಿಲ್ಲ, ತಿರುಗಿಸಿಕೊಂಡು ಕುಡಿದೆ.

ಗಾಳಿಗೊಂದು ಕಾಗದದ ಕಪ್ಪು
ಉರುಳುತ್ತ ಗೇಟಿನ ಕಡೆ ಹೋಯಿತು.
ಇಬ್ಬರೂ ನೋಡಿದೆವು.
ಚಾ ಮುಗಿಯುವ ತನಕ
ಅವಳೂ ಏಳಲಿಲ್ಲ, ನಾನೂ ಏಳಲಿಲ್ಲ.